ಕನ್ನಡ ಮಾಧ್ಯಮ ತರಗತಿಗೆ ಆನ್‌ಲೈನ್ ಸಾಮಗ್ರಿ: ಮುಂಬಯಿ ಶಿಕ್ಷಕರು ಕೂಡಿ ಆರಿಸುವ ಬಗೆ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಡೆಯುವುದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಪಠ್ಯ. ಆನ್‌ಲೈನಿನಲ್ಲಿ ಸಿಗುವ ಕನ್ನಡ ವಿಡಿಯೊಗಳಲ್ಲಿ ಬಹಳಷ್ಟು ಕರ್ನಾಟಕದ ಪಠ್ಯಕ್ಕೆಂದು ಮಾಡಿದವು. ಹಾಗಾಗಿ ಹುಡುಕುವ ಮುಂಚೆ ನಮ್ಮ ಪಾಠಗಳ ಪಟ್ಟಿ ಕೈಯಲ್ಲಿರಲಿ.

ನಾಲ್ಕೈದು ಶಿಕ್ಷಕರು ಸೇರಿ ಒಂದು ಗೂಗಲ್ ಶೀಟ್ ತೆರೆಯಿರಿ. ಅದರ ಕಾಲಂಗಳು: ತರಗತಿ, ಪಾಠ, ಲಿಂಕ್, ಬೇಕಾದ ಭಾಗ, ಪರಿಶೀಲಿಸಿದವರು, ದಿನಾಂಕ. ಇವುಗಳಲ್ಲಿ ‘ಬೇಕಾದ ಭಾಗ’ವೇ ಜೀವಾಳ. ‘2:10ರಿಂದ 5:40, ಎಲೆಯ ಅಡ್ಡಸೀಳಿಕೆ’ ಎಂದು ಬರೆದಿದ್ದರೆ 35 ನಿಮಿಷದ ಪಿರಿಯಡ್‌ನಲ್ಲಿ ಸಮಯ ಉಳಿಯುತ್ತದೆ. ಪಾಠಕ್ಕೆ ಮೂರೇ ಲಿಂಕ್ ಸಾಕು. ಹಾಕಿದವರನ್ನು ಬಿಟ್ಟು ಇನ್ನೊಬ್ಬರು ಕೊನೆತನಕ ನೋಡಲೇಬೇಕು. ತಪ್ಪು ಉಚ್ಚಾರ, ತಪ್ಪು ಚಿತ್ರ ಸಿಗುವುದು ಆಗಲೇ. ವಿಡಿಯೊದಲ್ಲಿ ‘ಫೋಟೋಸಿಂಥೆಸಿಸ್’ ಎಂದಿದ್ದರೆ, ಪುಸ್ತಕದ ‘ದ್ಯುತಿಸಂಶ್ಲೇಷಣೆ’ಯನ್ನು ಮೊದಲೇ ಹಲಗೆಯ ಮೇಲೆ ಬರೆಯಿರಿ.

ಶೀಟ್ ಕೆಡುವುದು ಹೆಚ್ಚಾಗಿ ಒಂದೇ ಕಾಲಂ ಅನ್ನು ಸಾರ್ಟ್ (ಅನುಕ್ರಮವಾಗಿ ಜೋಡಣೆ) ಮಾಡಿದಾಗ: ಲಿಂಕ್ ಒಂದು ಕಡೆ, ಪಾಠ ಇನ್ನೊಂದು ಕಡೆ. ತಿದ್ದುವ ಅನುಮತಿ ಗುಂಪಿನವರಿಗಷ್ಟೇ ಕೊಡಿ, ಉಳಿದವರು ನೋಡಲಿ. ಕೆಟ್ಟರೆ ‘ಆವೃತ್ತಿ ಇತಿಹಾಸ’ದಿಂದ ಹಳೆಯದನ್ನು ಮರಳಿ ತರಬಹುದು. ವಾಟ್ಸ್ಆ್ಯಪಿನಲ್ಲಿ ಲಿಂಕ್ ಕೂಡಿಡಬೇಡಿ, ವಾರದಲ್ಲಿ ಮುಳುಗಿಹೋಗುತ್ತವೆ.

ಮಳೆಗಾಲದಲ್ಲಿ ನೆಟ್ ಕೈಕೊಡುತ್ತದೆ. ಸರಕಾರದ ಕಲಿಕಾ ಆ್ಯಪ್ ‘ದೀಕ್ಷಾ’ದ ಪಾಠಗಳನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಡಿ. ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಪ್ರತಿ ಲಿಂಕನ್ನೂ ಒತ್ತಿ ನೋಡಿ.