ಮೇಲ್ದುಟಿ ಎತ್ತಿ ನೋಡಿದಾಗ

ಮಗನಿಗೆ ಒಂದೂವರೆ ವರ್ಷವಾಗಿದ್ದಾಗ ಅವನ ಮೇಲಿನ ಮುಂಬಲ್ಲುಗಳ ಬುಡದಲ್ಲಿ, ವಸಡಿನ ಅಂಚಿಗೇ, ಸುಣ್ಣದಲ್ಲಿ ಎಳೆದಂಥ ಬಿಳಿಯ ಗೆರೆ ಕಂಡಿತು. ಹಾಲಿನ ಕರೆಯೆಂದು ಒರೆಸಿ ಸುಮ್ಮನಾದೆ. ಆರು ತಿಂಗಳೊಳಗೆ ಅದು ಕಂದುಬಣ್ಣಕ್ಕೆ ತಿರುಗಿ ಹುಳುಕಾಯಿತು. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಅವನು ನಿದ್ದೆ ಹೋಗುತ್ತಿದ್ದ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಾಲು ಮೇಲಿನ ಹಲ್ಲುಗಳ ಸುತ್ತ ನಿಲ್ಲುತ್ತದೆ, ಕೆಳಗಿನ ಹಲ್ಲುಗಳಿಗೆ ನಾಲಿಗೆಯೇ ಮರೆಯಾಗಿರುತ್ತದೆ ಎಂದು ದಂತವೈದ್ಯರು ವಿವರಿಸಿದ ಮೇಲೆಯೇ ನನ್ನ ತಪ್ಪು ನನಗೆ ತಿಳಿದದ್ದು.

ಮಗಳ ವಿಷಯದಲ್ಲಿ ಹಲ್ಲು ಬರುವುದಕ್ಕೂ ಮುಂಚೆಯೇ ಆರಂಭಿಸಿದೆ. ರಾತ್ರಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಮಲ್ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ ವಸಡನ್ನು ಮೃದುವಾಗಿ ಒರೆಸುತ್ತಿದ್ದೆ. ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ರಾಗಿ ಸರಿ ತಿನ್ನಿಸುವಾಗ ಚಮಚ ‘ಟಿಣ್’ ಎಂದಿತು; ಕೆಳಗಿನ ಮೊದಲ ಹಲ್ಲು ಮೊಳೆತಿತ್ತು. ಅಂದಿನಿಂದ ಬಟ್ಟೆಯ ಜಾಗಕ್ಕೆ ಮೆತ್ತನೆಯ ಪುಟ್ಟ ಬ್ರಷ್ ಬಂತು, ಅದರ ಮೇಲೆ ಅಕ್ಕಿಕಾಳಿನಷ್ಟು ಮಾತ್ರ ಫ್ಲೋರೈಡ್ ಪೇಸ್ಟ್. ನಮ್ಮದು ಪಾವಗಡದ ಕಡೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಕಲೆಗಟ್ಟಿದ ಹಲ್ಲುಗಳನ್ನು ಚಿಕ್ಕಂದಿನಿಂದ ಕಂಡವಳಾದ್ದರಿಂದ ಪೇಸ್ಟಿಗೂ ಹೆದರಿದ್ದೆ. ಮಗುವಿಗೆ ಕುಡಿಸುವುದು ಶುದ್ಧ ನೀರಿನ ಘಟಕದ ನೀರನ್ನೇ ಎಂದು ಖಚಿತಪಡಿಸಿಕೊಂಡ ನಂತರ, ಅಷ್ಟು ಪೇಸ್ಟಿನಿಂದ ತೊಂದರೆಯಿಲ್ಲ, ಉಳಿದದ್ದನ್ನು ಒರೆಸಿಬಿಡಿ ಎಂದು ವೈದ್ಯರು ಹೇಳಿದರು.

ವಸಡು ಊದಿದಾಗ ಜೇನುತುಪ್ಪ ಸವರೋಣವೆಂದರು ಅತ್ತೆಯವರು. ವರ್ಷ ತುಂಬದ ಕೂಸಿಗೆ ಜೇನು ಕೊಟ್ಟರೆ ಬಾಟುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದೆಂದು ತಿಳಿಸಿ, ಫ್ರಿಜ್ಜಿನಲ್ಲಿಟ್ಟು ತಂಪಾಗಿಸಿದ ಒದ್ದೆ ಬಟ್ಟೆಯನ್ನು ಕಚ್ಚಲು ಕೊಟ್ಟೆ. ಮರಗಟ್ಟಿಸುವ ಜೆಲ್‌ಗಳನ್ನು ಮುಟ್ಟಲಿಲ್ಲ. ಒಮ್ಮೆ 102 ಡಿಗ್ರಿ ಜ್ವರ, ಭೇದಿ ಬಂದಾಗ ಎಲ್ಲರೂ ‘ಹಲ್ಲಿನ ಜ್ವರ’ ಎಂದರು. ಹಲ್ಲು ಬರುವುದರಿಂದ ಅಷ್ಟು ಜ್ವರ ಬರುವುದಿಲ್ಲ. ಆಸ್ಪತ್ರೆಗೆ ಕರೆದೊಯ್ದೆ, ಕರುಳಿನ ಸೋಂಕಾಗಿತ್ತು.

ನಿಜವಾಗಿ ಕಷ್ಟವಾದದ್ದು ರಾತ್ರಿಯ ಹಾಲು. ವರ್ಷ ತುಂಬಿದ ಮೇಲೆ ಸಕ್ಕರೆಯಿಲ್ಲದ ಹಾಲನ್ನು ಲೋಟದಲ್ಲಿ ಕುಡಿಸಿ, ಹಲ್ಲುಜ್ಜಿ, ಆಮೇಲೆ ನೀರು ಮಾತ್ರ ಎಂಬ ಕ್ರಮ ಹಿಡಿದೆ. ಒಂದು ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ಈಗ ಅವಳಿಗೆ ಮೂರು ವರ್ಷ, 20 ಹಾಲುಹಲ್ಲುಗಳೂ ಬಂದಿವೆ. ಪ್ರತಿ ಭಾನುವಾರ ಕಿಟಕಿಯ ಬೆಳಕಿನಲ್ಲಿ ಮೇಲ್ದುಟಿ ಎತ್ತಿ, ಆ ಬಿಳಿಗೆರೆ ಇದೆಯೇ ಎಂದು ನೋಡುತ್ತೇನೆ.