ಹನ್ನೆರಡು ವ್ಯಾಟಿನ ಬಲ್ಬನ್ನು ಏಳರಲ್ಲಿ ಉರಿಸಿದ ಲೆಕ್ಕ

ಕೊಟ್ಟಿಗೆಯದನ್ನು ಬಿಟ್ಟು ನಮ್ಮ ಮನೆಯಲ್ಲಿ ಈಗ 26 ಎಲ್‌ಇಡಿ ದೀಪಗಳಿವೆ. ನಾಲ್ಕು ವರ್ಷದಲ್ಲಿ ಕೆಟ್ಟವು ಎರಡೇ ಎರಡು. ಅವುಗಳಲ್ಲಿ ಒಂದು ಸಿಡಿಲಿಗೆ ಹೋದದ್ದು. ಹೊಸನಗರದ ಕಡೆ ಲೈನಿನ ಕೊನೆಯ ಮನೆಗಳಲ್ಲಿ ವೈರಿಂಗ್ ಮಾಡಿದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಸಂಜೆ 170 ವೋಲ್ಟಿಗೆ ಇಳಿದು, ಮಧ್ಯರಾತ್ರಿ 260ಕ್ಕೆ ಏರುವ ಜಾಗ ಇದು.

2016ರ ಸುಮಾರಿಗೆ ತಾಮ್ರದ ಚೋಕಿನ ಆರು ಟ್ಯೂಬ್‌ಲೈಟುಗಳನ್ನೂ 60 ವ್ಯಾಟಿನ ಬಲ್ಬುಗಳನ್ನೂ ತೆಗೆದುಹಾಕಿದೆ. ಮೊದಲು ಸಂತೆಯಲ್ಲಿ ಸಿಕ್ಕ, ಸ್ಟಾರ್ ಗುರುತೂ ಇಲ್ಲದ 60 ರೂಪಾಯಿಯ ಬಲ್ಬುಗಳನ್ನು ತಂದೆ. ಐದು ತಿಂಗಳಲ್ಲಿ ಅರ್ಧಕ್ಕರ್ಧ ಸತ್ತವು. ಆಮೇಲೆ ಒಳ್ಳೆಯ ಅಂಗಡಿಯಲ್ಲಿ 100 ರೂಪಾಯಿ ಕೊಟ್ಟು 9 ವ್ಯಾಟಿನವನ್ನು ತಂದೆ. ಅವು ಒಂದೂವರೆ ವರ್ಷ, ಹೆಚ್ಚೆಂದರೆ ಎರಡು ವರ್ಷ ಬಂದವು. ವರ್ಷಕ್ಕೆ ಹತ್ತು ಹನ್ನೆರಡು ಬಲ್ಬು ಬದಲಿಸುತ್ತಿದ್ದೆ. ಕರೆಂಟಿನಲ್ಲಿ ಉಳಿದ ದುಡ್ಡಿನಲ್ಲಿ ಸಾವಿರ, ಸಾವಿರದಿನ್ನೂರು ರೂಪಾಯಿ ಮತ್ತೆ ಬಲ್ಬಿಗೇ ಹೋಗುತ್ತಿತ್ತು.

ಸುಟ್ಟವನ್ನು ಎಸೆಯದೆ ತಗಡಿನ ಡಬ್ಬಿಯಲ್ಲಿ ಕೂಡಿಡುವ ಅಭ್ಯಾಸ ನನಗಿದೆ. ಒಂದು ಮಳೆಗಾಲ ಕೆಲಸವಿಲ್ಲದೆ ಕುಳಿತಾಗ ಮೂವತ್ತೊಂದನ್ನು ಬಿಚ್ಚಿದೆ. ಇಪ್ಪತ್ತರಷ್ಟರಲ್ಲಿ, ಒಳಗಿನ ಸಣ್ಣ ಎಲ್‌ಇಡಿಗಳ ಪೈಕಿ ಒಂದೇ ಒಂದರ ಮೇಲೆ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆ. ಆರೇಳರಲ್ಲಿ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಉಬ್ಬಿತ್ತು. ಉಳಿದವು ಮಾತ್ರ ಸಿಡಿಲು, ವೋಲ್ಟೇಜಿನ ಹೊಡೆತಕ್ಕೆ ಹೋದವು. ಅಷ್ಟು ದಿನ ನಾನು ಬೈಯುತ್ತಿದ್ದದ್ದು ವೋಲ್ಟೇಜನ್ನು. ನಿಜವಾಗಿ ಕೊಲ್ಲುತ್ತಿದ್ದದ್ದು ಶಾಖ. ಕೆಪಾಸಿಟರಿನ ಶಾಖ ಹತ್ತು ಡಿಗ್ರಿ ಇಳಿದರೆ ಆಯುಸ್ಸು ದುಪ್ಪಟ್ಟಾಗುತ್ತದೆ ಎಂಬುದು ವೈರಿಂಗ್ ಮಾಡುವ ನಮಗೆಲ್ಲ ಗೊತ್ತಿರುವ ಲೆಕ್ಕವೇ. ಆದರೂ ಅದೇ ಬಲ್ಬನ್ನು ಗಾಜಿನ ಬುರುಡೆಯೊಳಗೆ ಮುಚ್ಚಿ ಹಾಕುತ್ತಿದ್ದೆವು.

ಸುಟ್ಟ ಎಲ್‌ಇಡಿಯ ಎರಡು ತುದಿಗಳನ್ನು ಬೆಸುಗೆ ಹಾಕಿ ಜೋಡಿಸಿ ಮತ್ತೆ ಉರಿಸಿ ನೋಡಿದೆ. ಹದಿನೈದು ದಿನ, ತಿಂಗಳು, ಆಮೇಲೆ ಪಕ್ಕದ ಎಲ್‌ಇಡಿ ಹೋಗುತ್ತದೆ. ಆ ದಾರಿ ಬೇಡ.

ಕೊನೆಗೆ ಮಾಡಿದ್ದು ಇಷ್ಟು. ಬೇಕಾದದ್ದು 9 ವ್ಯಾಟಿನ ಬೆಳಕಾದರೆ 12 ವ್ಯಾಟಿನ ಬಲ್ಬು ತರುವುದು. ಒಳಗೆ ಎಲ್‌ಇಡಿಗಳಿಗೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಐಸಿಯ ಪಕ್ಕದಲ್ಲಿ ಕರೆಂಟನ್ನು ಗೊತ್ತುಪಡಿಸುವ ಎರಡು ರೆಸಿಸ್ಟರುಗಳು ಜೊತೆಜೊತೆಗೆ ಇರುತ್ತವೆ. ಅವುಗಳಲ್ಲಿ ಒಂದನ್ನು ತೆಗೆದುಬಿಡುವುದು, ಆಗ ಎಲ್‌ಇಡಿಗೆ ಹೋಗುವ ಕರೆಂಟು ಇಳಿಯುತ್ತದೆ. ನಾನು ಮೊದಲು ಮಾಡಿದ ಬಲ್ಬು ಮೀಟರಿನಲ್ಲಿ 11 ಚಿಲ್ಲರೆ ವ್ಯಾಟ್ ತೋರಿಸುತ್ತಿದ್ದದ್ದು ಏಳಕ್ಕೆ ಇಳಿಯಿತು. ಆದರೆ ಬೆಳಕು ಅಷ್ಟು ಇಳಿಯಲಿಲ್ಲ. ಮೊಬೈಲಿನಲ್ಲಿ ಅಳೆದಾಗ ಮೇಜಿನ ಮೇಲೆ ಬೀಳುವ ಬೆಳಕು 210 ಲಕ್ಸ್ ಇದ್ದದ್ದು 150ರ ಹತ್ತಿರ ನಿಂತಿತು. ತಣ್ಣಗಿರುವ ಎಲ್‌ಇಡಿ ಕಡಿಮೆ ಕರೆಂಟಿನಲ್ಲಿ ಹೆಚ್ಚು ನಿಯತ್ತಾಗಿ ದುಡಿಯುತ್ತದೆ. ಹೊಸ 9 ವ್ಯಾಟಿನದರ ಪಕ್ಕದಲ್ಲಿ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಬೆಳಕು, ಆದರೆ ಎರಡು ವ್ಯಾಟ್ ಕಡಿಮೆ. ಮೊದಲು ಮುಟ್ಟಲಾಗದಷ್ಟು ಕಾಯುತ್ತಿದ್ದ ಮೈಯನ್ನು ಈಗ ಬರಿಗೈಯಲ್ಲಿ ಹಿಡಿದುಕೊಳ್ಳಬಹುದು. ಎರಡು ರೆಸಿಸ್ಟರುಗಳ ಓಮ್ ಬೇರೆ ಬೇರೆ ಇದ್ದಾಗ ಯಾವುದನ್ನು ಉಳಿಸಬೇಕು, ಮೇಲಿನ ಟೋಪಿಯನ್ನು ಬಿರುಕು ಬಿಡದಂತೆ ಹೇಗೆ ತೆಗೆಯಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ವಿದ್ಯೆ. ಬಲ್ಬಿನೊಳಗಿನ ಬೋರ್ಡಿನಲ್ಲಿ ಮೇನ್ಸ್ ಕರೆಂಟು ನೇರವಾಗಿಯೇ ಇರುತ್ತದೆ. ಹೋಲ್ಡರಿನಿಂದ ತೆಗೆದ ಮೇಲೂ ಕೆಪಾಸಿಟರ್ ಖಾಲಿ ಮಾಡದೆ ಮುಟ್ಟಬೇಡಿ.

"ತಮ್ಮಾ, ಹನ್ನೆರಡಕ್ಕೆ ದುಡ್ಡು ಕೊಟ್ಟು ಏಳು ಉರಿಸುವುದು ಯಾವ ಲೆಕ್ಕ?" ಎಂದು ದೊಡ್ಡಪ್ಪ ಕೇಳಿದ್ದರು. ಜೊತೆಯ ವೈರಿಂಗಿನವರು, ಗ್ಯಾರಂಟಿ ಕಳೆದುಕೊಳ್ಳುತ್ತೀಯೆ ಎಂದರು. ಗ್ಯಾರಂಟಿ ಹೋಗುತ್ತದೆ, ಸುಳ್ಳಲ್ಲ. ಆದರೆ ಬಲ್ಬೊಂದಕ್ಕೆ ಹೆಚ್ಚು ಬಿದ್ದದ್ದು ಸುಮಾರು 40 ರೂಪಾಯಿ, ಇಡೀ ಮನೆಗೆ ಸಾವಿರ. ಬದಲಿಸುವ ಖರ್ಚು ನಿಂತ ಮೊದಲ ವರ್ಷವೇ ಅದು ಹುಟ್ಟಿತು. ಹೋದ ವರ್ಷ ದೊಡ್ಡಪ್ಪನೇ ಹದಿನಾಲ್ಕು ಬಲ್ಬು ಚೀಲದಲ್ಲಿ ತಂದು ಜಗಲಿಯ ಮೇಲೆ ಇಟ್ಟುಹೋದರು.

ಎಲ್ಲ ಬಲ್ಬೂ ಇದಕ್ಕೆ ಬರುವುದಿಲ್ಲ. ಡಬ್ಬಿಯ ಮೇಲೆ ವ್ಯಾಟಿಗಿಂತ ಲ್ಯೂಮೆನ್, ಅಂದರೆ ಬಲ್ಬು ಕೊಡುವ ಬೆಳಕಿನ ಅಳತೆ ನೋಡುತ್ತೇನೆ. ವ್ಯಾಟಿಗೆ ನೂರಕ್ಕಿಂತ ಕಡಿಮೆ ಇದ್ದರೆ ವಾಪಸ್ಸು ಇಡುತ್ತೇನೆ. ಹತ್ತರ ಪೆಟ್ಟಿಗೆ ಕೊಳ್ಳುವ ಮೊದಲು ಒಂದನ್ನು ಬಿಚ್ಚುತ್ತೇನೆ. ಒಳಗೆ ತಂತಿಯ ಸುರುಳಿ ಇರುವ ಡ್ರೈವರ್ ಬೇಕು. ಎಲ್‌ಇಡಿ ಪ್ಲೇಟಿನ ಮೇಲೆಯೇ ಐಸಿ ಕೂರಿಸಿ, ಸುರುಳಿ ಇಲ್ಲದೆ ಮಾಡಿದ ಅಗ್ಗದ ಜಾತಿ 170 ವೋಲ್ಟಿನಲ್ಲಿ ಮಂಕಾಗುತ್ತದೆ, 260ರಲ್ಲಿ ಕಾಯುತ್ತದೆ. ಮೊಬೈಲ್ ಕ್ಯಾಮೆರಾ ಹಿಡಿದಾಗ ಪಟ್ಟೆ ಓಡಿದರೆ ದೀಪ ಮಿನುಗುತ್ತಿದೆ ಎಂದರ್ಥ, ಅದೂ ಬೇಡ.

ಪಟ್ಟೆಯ ವಿಷಯ ಸಣ್ಣದಲ್ಲ. ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಹೆಂಗಸರು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾರೆ. ಮಿನುಗುವ ದೀಪ ಹಾಕಿದ್ದ ವರ್ಷ ಎಲ್ಲರಿಗೂ ತಲೆನೋವು. ನನ್ನ ಹೆಂಡತಿಯ ಬೆರಳಿಗೂ ಕತ್ತಿ ತಾಗಿತು. ಅಂದೇ ಅವನ್ನು ಕಿತ್ತೆ. ಈಗ ಅಲ್ಲಿ ಒಂದೇ ದೊಡ್ಡ ದೀಪದ ಬದಲು ಸಣ್ಣವು ಐದು ಇವೆ, ಕೈಯ ನೆರಳು ಕತ್ತಿಯ ಮೇಲೆ ಬೀಳುವುದಿಲ್ಲ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸುವ ಕೋಣೆಗೆ 90 ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಳತೆ) ಇರುವ ಪಟ್ಟಿದೀಪ ತಂದೆ. ಬೆಲೆ ಎರಡರಷ್ಟು. ಕೆಂಪು ಕೆಂಪಾಗಿಯೇ ಕಾಣುತ್ತದೆ. ಬೆಳಿಗ್ಗೆ ಬಿಸಿಲಿನಲ್ಲಿ ಮತ್ತೆ ಬೇರ್ಪಡಿಸುವ ಕೆಲಸ ತಪ್ಪಿತು. ಜಗಲಿಗೆ 6500 ಕೆಲ್ವಿನ್ ಬಿಳಿ ತೆಗೆದು 3000ದ ಹಳದಿ ಹಾಕಿದ ಮೇಲೆ ಮಳೆಗಾಲದ ಹುಳುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಊಟದ ಎಲೆಗೆ ಹುಳು ಬೀಳುವುದು ನಿಂತಿತು ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ.

ತಿಂಗಳಿಗೆ 140 ಯೂನಿಟ್ ಇದ್ದದ್ದು 70ರ ಆಸುಪಾಸಿಗೆ ಬಂದಿತ್ತು. 2023ರಲ್ಲಿ ಗೃಹಜ್ಯೋತಿ ಬಂದಾಗ ಹಿಂದಿನ ವರ್ಷದ ಸರಾಸರಿಗೆ ಶೇ 10 ಸೇರಿಸಿ ಮಿತಿ ಹಾಕಿದರು. ಮೊದಲೇ ಉಳಿಸಿದ್ದರಿಂದ ನಮ್ಮ ಮಿತಿ 77ರ ಹತ್ತಿರವೇ ನಿಂತಿತು; ಉಳಿಸದಿದ್ದವರಿಗೆ ಹೆಚ್ಚು ಸಿಕ್ಕಿತು. ಇದು ನನಗೆ ಈಗಲೂ ಬೇಸರದ ಸಂಗತಿ. ಆ ಮಿತಿಯೊಳಗೆ ಇರಲು ಒಂದೊಂದು ವ್ಯಾಟೂ ಲೆಕ್ಕಕ್ಕೆ ಬರುತ್ತದೆ.

ಕೊಟ್ಟಿಗೆ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಗಂಜಲದ ಹಬೆಗೆ ಬೆಸುಗೆಯ ಸುತ್ತಲಿನ ತಾಮ್ರ ಹಸಿರಾಗುತ್ತದೆ. ಹಬೆ ಹೋಗಬಾರದೆಂದು ಅಂಗಡಿಯ ಅಂಟು ಬಳಿದು ಗಾಳಿಯಾಡದಂತೆ ಮುಚ್ಚಿದೆ. ಅಂಟಿನ ಆವಿಗೇ ಎಲ್‌ಇಡಿಗಳು ಮೂರು ತಿಂಗಳಲ್ಲಿ ಕಂದಿದವು. ನಾಲ್ಕು ಬಲ್ಬು, ಸುಮಾರು 550 ರೂಪಾಯಿ ನೀರಿನಲ್ಲಿ ಹೋಯಿತು. ಈಗ ಬೋರ್ಡಿಗೆ ವಾರ್ನಿಷ್ ಹಚ್ಚಿ, ಅದು ಪೂರ್ತಿ ಒಣಗಲು ವಾರ ಬಿಟ್ಟು, ಗಂಜಲದ ಚರಂಡಿಯಿಂದ ದೂರದ ಜಂತಿಗೆ ಒಂದನ್ನು ತೂಗುಹಾಕಿದ್ದೇನೆ. ಹಾಕಿ ಏಳು ತಿಂಗಳಾಯಿತು, ಇನ್ನೂ ಉರಿಯುತ್ತಿದೆ.