ಬ್ಯಾಂಕ್ ಹರಾಜಿನ ಮನೆ ಖಾಲಿಯಾಗಿ ಕೈಗೆ ಬಂದ ಬಗೆ

ಕುಶಾಲನಗರದ ಹತ್ತಿರ ಬ್ಯಾಂಕ್ ಹರಾಜಿಗಿಟ್ಟ ಮನೆಯೊಂದು ನನ್ನ ಬಿಡ್‌ಗೆ ಆಯಿತು. ನೋಟಿಸಿನಲ್ಲೇ ‘ಸಾಂಕೇತಿಕ ಸ್ವಾಧೀನ’ ಎಂದಿತ್ತು. ಅಂದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ, ಆದರೆ ಒಳಗೆ ಹಳೆಯ ಮಾಲೀಕರ ಸಂಸಾರ ಇನ್ನೂ ಇದೆ.

ಸಾಲ ತೀರದಿದ್ದಾಗ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಂಡು ಮಾರಲು ಬಿಡುವ 2002ರ ಸರ್ಫೇಸಿ ಕಾಯ್ದೆಯ ನಿಯಮದಂತೆ ಬಿಡ್ ಗೆದ್ದ ದಿನವೇ, ಇಲ್ಲವೇ ಮರು ಕೆಲಸದ ದಿನ ಶೇ. 25 ಕಟ್ಟಬೇಕು. ಉಳಿದದ್ದಕ್ಕೆ ಮಾರಾಟ ಖಾಯಂ ಆದ ಮೇಲೆ 15 ದಿನ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಆದರೆ ಬ್ಯಾಂಕ್ ಮತ್ತು ಕೊಳ್ಳುವವರು ಇಬ್ಬರೂ ಬರವಣಿಗೆಯಲ್ಲಿ ಒಪ್ಪಿದರೆ ಗಡುವನ್ನು 3 ತಿಂಗಳವರೆಗೆ ಬೆಳೆಸಬಹುದು. ನನಗೆ ದಾರಿ ತೋರಿಸಿದ್ದು ಇದೇ. ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಪತ್ರ ಬರೆದು ಸಮಯ ಕೇಳಿದೆ. ಮನೆಯನ್ನು ನಿಜವಾಗಿ ವಶಕ್ಕೆ ಪಡೆಯಲು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಎಂದೂ ಒತ್ತಾಯಿಸಿದೆ. ಆ ಅರ್ಜಿ ಬ್ಯಾಂಕೇ ಹಾಕಬೇಕು, ನಾವಲ್ಲ. ಮಡಿಕೇರಿಯಿಂದ ಆದೇಶ ಬಂತು.

ಆದರೂ ಪೊಲೀಸರನ್ನು ಕರೆದುಕೊಂಡು ಹೋಗಲು ಮನಸ್ಸಾಗಲಿಲ್ಲ. ಜೋರು ಮಳೆ, ಮಕ್ಕಳಿರುವ ಮನೆ ಅಲ್ವಾ? ಊರಿನ ಹಿರಿಯರೊಬ್ಬರ ಜೊತೆ ಹೋಗಿ ಮಾತಾಡಿದೆ. ಬಾಡಿಗೆ ಮನೆ ಸಿಗುವವರೆಗೆ ಕಾದೆ, ಸಾಮಾನು ಸಾಗಿಸಲು ಪಿಕಪ್ ಖರ್ಚು ಕೊಟ್ಟೆ. ಅವರೇ ಬ್ಯಾಂಕಿನವರಿಗೆ ಬೀಗದ ಕೈ ಒಪ್ಪಿಸಿದರು. ಆಮೇಲೆ ಬಾಕಿ ಕಟ್ಟಿ ಮಾರಾಟ ಪ್ರಮಾಣಪತ್ರ ಪಡೆದೆ.

ಕೊಡಗಿನಲ್ಲಿ ಬಿಡ್‌ಗೆ ಮುಂಚೆ ಇನ್ನೊಂದು ನೋಡಲೇಬೇಕು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಕೃಷಿ ಜಮೀನಿನೊಳಗಿನ ಮನೆಯಾದರೆ ಭೂಪರಿವರ್ತನೆ ಆದೇಶ ಕೇಳಿ. ಜಮ್ಮಾ ಬಾಣೆ, ಅಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿ ಜಮೀನಾದರೆ ಆರ್‌ಟಿಸಿಯಲ್ಲಿ (ಪಹಣಿ) ಯಾರ್ಯಾರ ಹೆಸರಿದೆ ನೋಡಿ. ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಮನೆ ಕಂದಾಯ, ಕರೆಂಟ್ ಬಾಕಿ ಎಷ್ಟಿದೆ ಎಂದು ಪಂಚಾಯಿತಿಯಲ್ಲೂ ವಿದ್ಯುತ್ ಕಂಪನಿ ಸೆಸ್ಕ್ ಆಫೀಸಿನಲ್ಲೂ ಕೇಳಿ.